ಕುದುರೆ ಚಿತ್ರದ ತಬಕಗಳು

ನಮ್ಮದು ಭಾಂಡೆ ಅಂಗಡಿ. ಅಕ್ಕಲಕೋಟೆಯಲ್ಲಿ ಮೂರು ತಲೆಮಾರಿನಿಂದ ನಡೆದುಕೊಂಡು ಬಂದಿದೆ. ತಾಮ್ರದ ಹಂಡೆ, ಹಿತ್ತಾಳೆಯ ಪರಾತ, ಕಂಚಿನ ಗಂಗಾಳ, ಆಮೇಲೆ ಬಂದ ಸ್ಟೀಲಿನ ಡಬ್ಬಿ, ಕುಕ್ಕರ್ ಇವುಗಳ ನಡುವೆಯೇ ನನ್ನ 66 ವರ್ಷಗಳು ಕಳೆದಿವೆ. ಓದಿದ್ದು ಮ್ಯಾಟ್ರಿಕ್‌ವರೆಗೆ ಮಾತ್ರ. ಇಂಥ ವ್ಯಾಪಾರಿಯ ಮನೆಯ ಮಾಳಿಗೆಯ ಮೇಲೆ ಗಾಜಿನ ಬಾಗಿಲಿನ ಒಂದು ಕಪಾಟಿದೆ. ಅದರಲ್ಲಿ ಪಿಂಗಾಣಿಯ 21 ಹಳೆಯ ತಬಕಗಳಿವೆ. ಪ್ರತಿಯೊಂದರ ಮೇಲೂ ಕುದುರೆಯ ಚಿತ್ರ. ಅವುಗಳಲ್ಲಿ ನಮ್ಮ ಮನೆಯವರು ಯಾರೂ ಒಂದು ದಿನವೂ ಏನನ್ನೂ ಬಡಿಸಿಲ್ಲ. ಬೀಗರು, ನೆಂಟರು ಬಂದಾಗ ನೋಡಿ, "ಉಪಯೋಗಕ್ಕ ಬರೋ ಭಾಂಡೆ ಊರಿಗೆಲ್ಲ ಮಾರಿ, ಬಾರದ ಭಾಂಡೆ ಮನ್ಯಾಗ ಇಟ್ಟಕೊಂಡೀರಲ್ರೀ" ಎಂದು ನಗುತ್ತಾರೆ. ಈ ಹವ್ಯಾಸದ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದ್ದರಿಂದ, ತಿಳಿದಷ್ಟನ್ನು ವಾಚಕ ಬಾಂಧವರ ಮುಂದೆ ಇಡುತ್ತಿದ್ದೇನೆ.

ತಬಕ ಎಂದರೆ ನಮ್ಮ ಕಡೆ ಆರತಿಗೆ, ಎಲೆ ಅಡಿಕೆಗೆ ಬಳಸುವ ಅಗಲವಾದ ತಟ್ಟೆ. ದಕ್ಷಿಣದ ಕಡೆಯವರು ಹರಿವಾಣ ಎನ್ನುತ್ತಾರೆ. ಇಂಗ್ಲಿಷರ ಮನೆಯಲ್ಲಿ ಊಟದ ಮೇಜಿನ ನಡುವೆ ಇಟ್ಟು ಎಲ್ಲರಿಗೂ ಬಡಿಸುವ ದೊಡ್ಡ ಲಂಬಗೋಲ ತಾಟಿಗೆ ಪ್ಲ್ಯಾಟರ್ ಎಂದು ಹೆಸರು. ಹತ್ತು ಇಂಚಿನಿಂದ ಇಪ್ಪತ್ತು ಇಂಚಿಗೂ ಮೇಲ್ಪಟ್ಟ ಅಳತೆಯವರೆಗೆ ಇವು ಸಿಗುತ್ತವೆ. ದೊಡ್ಡ ಕುಟುಂಬದ ಊಟದ ಸೆಟ್ಟಿನಲ್ಲಿ ಒಂದರೊಳಗೊಂದು ಕೂಡುವಂಥ ಹಲವು ಅಳತೆಯ ತಬಕಗಳು ಇರುತ್ತಿದ್ದವು, ನಮ್ಮಲ್ಲಿ ಪರಾತಗಳ ಸೆಟ್ಟು ಇದ್ದ ಹಾಗೆ. ಸಣ್ಣ ತಟ್ಟೆಯ ಮೇಲೆ ಹೂವೋ ಬಳ್ಳಿಯೋ ಹಿಡಿಸುತ್ತದೆ. ನಾಲ್ಕು ಕುದುರೆಯ ಗಾಡಿ, ಮರ, ಊರು, ಆಕಾಶ ಎಲ್ಲ ಸೇರಿದ ಚಿತ್ರಕ್ಕೆ ತಬಕದಷ್ಟು ಜಾಗವೇ ಬೇಕು. ಆದ್ದರಿಂದ ಕುದುರೆಯ ಚಿತ್ರ ಹುಡುಕುವವನು ತಬಕದ ಬೆನ್ನು ಹತ್ತಬೇಕಾಗುತ್ತದೆ.

ಕುದುರೆಯೇ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಕುದುರೆ ಮೂರನೆಯ ತೀರ್ಥಂಕರ ಸಂಭವನಾಥ ಭಗವಾನರ ಲಾಂಛನ, ಅದಕ್ಕೇ ಇರಬೇಕು ಎಂದು ಕೆಲವರು ತಾವೇ ಉತ್ತರವನ್ನೂ ಹೇಳುತ್ತಾರೆ. ನಿಜವಾದ ಕಾರಣ ಅಷ್ಟು ದೊಡ್ಡದಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಅಂಗಡಿಯ ಮಾಲು ರೈಲಿನಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಬರುತ್ತಿತ್ತು. ಅಲ್ಲಿಂದ ಊರಿಗೆ ಟಾಂಗಾದಲ್ಲಿ ತರಬೇಕು. ಹುಲ್ಲು ತುಂಬಿದ ಬುಟ್ಟಿಗಳಲ್ಲಿ ಹಿತ್ತಾಳೆ ಪಾತ್ರೆ, ಅವುಗಳ ಮೇಲೆ ನಾನು. ದಾರಿಯುದ್ದಕ್ಕೂ ಕುದುರೆಯ ಬೆನ್ನು, ಕಿವಿ, ಬಾಲ ನೋಡುತ್ತ ಬರುತ್ತಿದ್ದೆ. ಆಮೇಲೆ ಟೆಂಪೋ ಬಂತು, ಟಾಂಗಾ ಹೋಯಿತು. ಕುದುರೆ ನೋಡುವ ರೂಢಿ ಮಾತ್ರ ಹೋಗಲಿಲ್ಲ.

ಮೊದಲ ತಬಕ ಸಿಕ್ಕಿದ್ದು 1983ರಲ್ಲಿ, ಹೈದರಾಬಾದಿನಲ್ಲಿ. ಬೇಗಂ ಬಜಾರಿನಲ್ಲಿ ಪಾತ್ರೆಗಳ ಸಗಟು ಪೇಟೆ ಇದೆಯೆಂದು ನಮ್ಮ ವ್ಯಾಪಾರಸ್ಥರಿಗೆಲ್ಲ ಗೊತ್ತು. ಅದರ ಹತ್ತಿರವೇ ಗುರುವಾರ ಹಳೆಯ ಸಾಮಾನಿನ ಸಂತೆ ಕೂಡುತ್ತದೆ, ಜುಮ್ಮೇರಾತ್ ಬಜಾರ್. ಖರೀದಿ ಮುಗಿಸಿ ರೈಲಿನ ಹೊತ್ತಿನವರೆಗೆ ಅಲ್ಲಿ ಅಡ್ಡಾಡುತ್ತಿದ್ದಾಗ, ಹಳೆಯ ಬೀಗ, ಗಡಿಯಾರ, ತಕ್ಕಡಿ ಬಟ್ಟಲುಗಳ ನಡುವೆ ಒಂದು ನೀಲಿ ತಬಕ ಕಂಡಿತು. ನಾಲ್ಕು ಕುದುರೆಯ ಗಾಡಿಯೊಂದು ಧರ್ಮಶಾಲೆಯಂಥ ಕಟ್ಟಡದ ಮುಂದೆ ನಿಂತಿತ್ತು. ಅಂಚಿನಲ್ಲಿ ಒಂದು ಚಕ್ಕೆ ಹಾರಿತ್ತು. 35 ರೂಪಾಯಿ ಕೊಟ್ಟೆ.

ಮನೆಯಲ್ಲಿ ಅವ್ವ ಅದನ್ನು ಬಾಗಿಲಲ್ಲೇ ತಡೆದಳು. "ತಮ್ಮಾ, ಇದರಾಗ ಅವರು ಏನೇನು ಇಟ್ಟು ಉಂಡಾರೋ ಯಾರಿಗೆ ಗೊತ್ತು? ಅಡಿಗಿ ಮನಿ ಹೊಸ್ತಿಲಾ ದಾಟಬಾರದು ನೋಡು" ಎಂದಳು. ಆ ಸಂಜೆ, ಸೂರ್ಯ ಮುಳುಗುವ ಮೊದಲಿನ ಊಟ ಮುಗಿದ ಮೇಲೆ, ಅವ್ವನೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಒಂದು, ಇಂಥ ತಾಟು ಮಾಳಿಗೆಯ ಮೇಲೆಯೇ ಇರಬೇಕು, ಅದರಲ್ಲಿ ಒಂದು ಅಗುಳನ್ನೂ ಹಾಕಬಾರದು. ಎರಡು, ಅಂಗಡಿಯ ಗಲ್ಲೆಯ ದುಡ್ಡು ಇದಕ್ಕೆ ಬರಬಾರದು. ಮೂರು, ಪ್ರಾಣಿ ಕೊಲ್ಲುವ ಚಿತ್ರ ಮನೆಗೆ ಬರಬಾರದು. ಅವ್ವ ಶಾಲೆ ಕಲಿತವಳಲ್ಲ. ಆದರೆ ಮುಂದೆ ನಾಲ್ಕು ದಶಕ ನಾನು ಈ ವಿಷಯದಲ್ಲಿ ಓದಿದ್ದು, ಕೇಳಿದ್ದು ಎಲ್ಲವೂ ಅವಳ ಮೂರು ಮಾತುಗಳ ಸುತ್ತಲೇ ತಿರುಗಿತು.

ಮೊದಲು ಈ ತಬಕಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ಹೇಳುತ್ತೇನೆ. ವ್ಯಾಪಾರಿಗೆ ಮಾಲು ಹುಟ್ಟಿದ ಬಗೆ ತಿಳಿದಿರಬೇಕು.

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದಲ್ಲಿ ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳಿವೆ. 1910ರಲ್ಲಿ ಅವೆಲ್ಲ ಸೇರಿ ಸ್ಟೋಕ್-ಆನ್-ಟ್ರೆಂಟ್ ಎಂಬ ಒಂದೇ ನಗರವಾಯಿತು. ಅಲ್ಲಿ ನೆಲದಡಿ ಕಲ್ಲಿದ್ದಲು, ಜೇಡಿಮಣ್ಣು ಎರಡೂ ಇದ್ದವು. ಬಿಳಿಯ ಚೀನಿ ಮಣ್ಣು ಮಾತ್ರ ದೂರದ ಕಾರ್ನ್‌ವಾಲ್‌ನಿಂದ ಬರಬೇಕು. ರಸ್ತೆಯಲ್ಲಿ ಕುದುರೆಯ ಬೆನ್ನಿನ ಮೇಲೆ ಹೇರಿ ಸಾಗಿಸಿದರೆ ಪಾತ್ರೆ ಒಡೆಯುತ್ತಿದ್ದವು. ಆದ್ದರಿಂದ ಜೋಸಾಯಾ ವೆಜ್‌ವುಡ್ ಮೊದಲಾದ ಕಾರಖಾನೆದಾರರು ಮುಂದಾಗಿ ಕಾಲುವೆ ತೋಡಿಸಿದರು. 1766ರಲ್ಲಿ ಆರಂಭವಾದ ಟ್ರೆಂಟ್-ಮರ್ಸಿ ಕಾಲುವೆ 1777ರಲ್ಲಿ ಪೂರ್ಣವಾಯಿತು. ಕಾಲುವೆಯ ದೋಣಿಗಳನ್ನು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದುದೂ ಕುದುರೆಗಳೇ. ಕುದುರೆ ಚಿತ್ರದ ತಾಟುಗಳನ್ನು ಬಂದರಿಗೆ ಮುಟ್ಟಿಸಿದವೂ ಕುದುರೆಗಳೇ ಎಂದಾಯಿತು.

ತಾಟಿನ ಮೇಲಿನ ಚಿತ್ರವನ್ನು ಕುಂಚದಿಂದ ಬರೆದದ್ದಲ್ಲ. ತಾಮ್ರದ ತಗಡಿನ ಮೇಲೆ ಕುಶಲ ಕೆಲಸಗಾರ ಗೆರೆ, ಚುಕ್ಕೆಗಳಿಂದ ಚಿತ್ರವನ್ನು ಕೊರೆಯುತ್ತಾನೆ. ನಮ್ಮ ಅಂಗಡಿಯಲ್ಲಿ ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಹುಡುಗನ ಕೆಲಸವೇ ಇದು, ಆದರೆ ನೂರು ಪಟ್ಟು ಸೂಕ್ಷ್ಮ. ಗೆರೆ ಆಳವಾದಷ್ಟೂ ಬಣ್ಣ ಗಾಢವಾಗುತ್ತದೆ. ಆ ತಗಡನ್ನು ಬಿಸಿ ಮಾಡಿ, ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ನೀಲಿಯನ್ನು ಸವರಿ, ಮೇಲಿನದನ್ನು ಒರೆಸಿ ತೆಗೆಯುತ್ತಾರೆ. ಗೆರೆಯೊಳಗಿನ ಬಣ್ಣ ಮಾತ್ರ ಉಳಿಯುತ್ತದೆ. ಮೇಲೆ ತೆಳುವಾದ ಕಾಗದ ಇಟ್ಟು ಒತ್ತಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಒಮ್ಮೆ ಸುಟ್ಟು ತೆಗೆದ, ಇನ್ನೂ ಹೊಳಪು ಕೊಡದ ತಾಟಿಗೆ ಆ ಕಾಗದವನ್ನು ಅಂಟಿಸಿ ಚೆನ್ನಾಗಿ ತಿಕ್ಕುತ್ತಾರೆ. ನೀರಿನಲ್ಲಿ ತೊಳೆದರೆ ಕಾಗದ ಹೋಗುತ್ತದೆ, ಎಣ್ಣೆಯ ಬಣ್ಣ ಉಳಿಯುತ್ತದೆ. ಹದವಾದ ಉರಿಯಲ್ಲಿ ಎಣ್ಣೆಯನ್ನು ಸುಟ್ಟು, ತಾಟನ್ನು ಗಾಜಾಗುವ ದ್ರವದಲ್ಲಿ ಅದ್ದಿ ಮತ್ತೊಮ್ಮೆ ಭಟ್ಟಿಗೆ ಇಡುತ್ತಾರೆ. ಬಣ್ಣದ ಮೇಲೆ ಗಾಜಿನ ಪದರು ಕೂಡುವುದರಿಂದ ಇನ್ನೂರು ವರ್ಷವಾದರೂ ಚಿತ್ರ ಅಳಿಸುವುದಿಲ್ಲ. ಸುಮಾರು 1784ರಲ್ಲಿ ಮೊದಲನೆಯ ಜೋಸಾಯಾ ಸ್ಪೋಡ್ ಎಂಬವನು ಸ್ಟೋಕ್‌ನಲ್ಲಿ ಈ ನೀಲಿ ಮುದ್ರಣವನ್ನು ಹದಕ್ಕೆ ತಂದ. ಕೈಯಿಂದ ಬಣ್ಣ ಹಾಕಿದ ತಾಟು ಶ್ರೀಮಂತರಿಗೆ ಮಾತ್ರ ಎಟಕುತ್ತಿದ್ದ ಕಾಲದಲ್ಲಿ ಸಾಧಾರಣ ವ್ಯಾಪಾರಿಯ ಮನೆಗೂ ಚಿತ್ರದ ತಾಟು ಬಂದದ್ದು ಈ ಉಪಾಯದಿಂದ.

ಕಾಗದ ಅಂಟಿಸುವ ಕೆಲಸ ಹೆಂಗಸರದು, ಕತ್ತರಿಸಿಕೊಡುವುದು ಹುಡುಗಿಯರದು. 1840ರ ದಶಕದ ಆರಂಭದಲ್ಲಿ ಅಲ್ಲಿನ ಸರಕಾರ ಮಕ್ಕಳ ದುಡಿಮೆಯ ಬಗ್ಗೆ ವಿಚಾರಣೆ ನಡೆಸಿದಾಗ ಸ್ಯಾಮ್ಯುಯಲ್ ಸ್ಕ್ರಿವೆನ್ ಎಂಬ ಅಧಿಕಾರಿ ಈ ಕಾರಖಾನೆಗಳಿಗೆ ಹೋಗಿ ವರದಿ ಬರೆದ. ಹಸಿ ತಾಟಿನ ಅಚ್ಚು ಹೊತ್ತು ಬಿಸಿ ಕೋಣೆಗೆ ಓಡಾಡುವ ಚಿಕ್ಕ ಹುಡುಗರು, ಸೀಸ ಬೆರೆತ ಹೊಳಪಿನ ದ್ರವದಲ್ಲಿ ದಿನವಿಡೀ ಕೈ ಅದ್ದುವ ಕೆಲಸಗಾರರು, ಅವರಿಗೆ ಬರುವ ರೋಗ ಎಲ್ಲವೂ ಅದರಲ್ಲಿದೆ. ಸುಂದರ ವಸ್ತುವನ್ನು ಕೈಯಲ್ಲಿ ಹಿಡಿದಾಗ ಇದನ್ನೂ ನೆನೆಯಬೇಕೆಂದು ನನಗೆ ಅನಿಸುತ್ತದೆ.

ಈಗ ತಬಕದ ವಯಸ್ಸು ಗುರುತಿಸುವ ಬಗೆ. ಚಿತ್ರ ನೋಡುವ ಮೊದಲು ತಾಟನ್ನು ಬೋರಲು ಹಾಕಬೇಕು. ಬೆನ್ನ ಮೇಲೆ "ಇಂಗ್ಲೆಂಡ್" ಎಂದು ಇದ್ದರೆ ಬಹುತೇಕ 1891ರ ನಂತರದ್ದು. ಅಮೆರಿಕ 1890ರಲ್ಲಿ ಮಾಡಿದ ಸುಂಕದ ಕಾಯಿದೆಯಿಂದ ಆಮದು ಮಾಲಿನ ಮೇಲೆ ದೇಶದ ಹೆಸರು ಹಾಕಬೇಕಾಯಿತು. "ಮೇಡ್ ಇನ್ ಇಂಗ್ಲೆಂಡ್" ಎಂದು ಪೂರ್ತಿ ಇದ್ದರೆ ಸಾಮಾನ್ಯವಾಗಿ 20ನೆಯ ಶತಮಾನದ್ದು. ಶಂಕರಪೋಳಿಯ ಆಕಾರದ ಚೌಕದೊಳಗೆ ಅಕ್ಷರ, ಅಂಕಿಗಳಿದ್ದರೆ ಅದು ವಿನ್ಯಾಸ ನೋಂದಣಿಯ ಗುರುತು, 1842ರಿಂದ 1883ರವರೆಗಿನದು. 1884ರಿಂದ ಆ ಗುರುತು ಹೋಗಿ ಬರೀ ನಂಬರು ಬಂತು. ಏನೂ ಮುದ್ರೆ ಇಲ್ಲದಿದ್ದರೆ ಬೆನ್ನ ಮೇಲೆ ಮೂರು ಸಣ್ಣ ಚುಕ್ಕೆಗಳ ಗಾಯ ಹುಡುಕಬೇಕು. ಭಟ್ಟಿಯಲ್ಲಿ ಒಂದರ ಮೇಲೊಂದು ಇಡುವಾಗ ನಡುವೆ ಇಟ್ಟ ಮುಕ್ಕಾಲಿಯ ಮೊನೆಯ ಗುರುತು ಅದು. ಅಂಚಿನ ಬಳ್ಳಿಯಲ್ಲಿ ಕಾಗದ ಕೂಡಿಸಿದ ಕಡೆ ಎಲೆಯೋ ಹೂವೋ ಅರ್ಧಕ್ಕೆ ಕಡಿದಿರುತ್ತದೆ. ಅದು ದೋಷವಲ್ಲ, ಕೈಯಿಂದ ಅಂಟಿಸಿದ್ದಕ್ಕೆ ಸಾಕ್ಷಿ.

ಕೊನೆಯ ಪರೀಕ್ಷೆ ನಮ್ಮ ದಂಧೆಯದೇ. ಐದು ಬೆರಳ ತುದಿಯ ಮೇಲೆ ತಾಟನ್ನು ನಿಲ್ಲಿಸಿ ಅಂಚಿಗೆ ಮೆಲ್ಲಗೆ ಬೆರಳಿನಿಂದ ತಟ್ಟಬೇಕು. ಗಟ್ಟಿ ತಾಟು ಗುಂಯ್ ಎನ್ನುತ್ತದೆ, ಬಿರುಕಿದ್ದದ್ದು ಠಪ್ ಎಂದು ಸುಮ್ಮನಾಗುತ್ತದೆ. ಕಂಚಿನ ಗಂಗಾಳ ಪರೀಕ್ಷಿಸಲು ನನಗೆ ನಮ್ಮ ತಂದೆ ಕಲಿಸಿದ್ದು ಇದೇ ರೀತಿ.

ಇನ್ನು ಅವ್ವನ ಮೊದಲ ಮಾತು. ಬಡಿಸುವ ದೊಡ್ಡ ತಬಕಗಳಲ್ಲಿ ಕೆಲವಕ್ಕೆ ನಡುವೆ ಮರದ ಕೊಂಬೆಗಳಂತೆ ಕವಲೊಡೆದ ಕಾಲುವೆ, ಒಂದು ತುದಿಗೆ ಸಣ್ಣ ಗುಣಿ ಇರುತ್ತದೆ. ಬಹಳ ದಿನ ಅದು ಅಲಂಕಾರ ಎಂದೇ ಬಗೆದಿದ್ದವರೂ ಉಂಟು. ಬೇಯಿಸಿದ ಮಾಂಸದಿಂದ ಇಳಿದ ರಸ ಹರಿದು ಬಂದು ಗುಣಿಯಲ್ಲಿ ನಿಲ್ಲಲೆಂದು ಮಾಡಿದ್ದು ಅದು. ಅವ್ವ ಏನನ್ನೂ ಓದದೆ ಹೇಳಿದ ಮಾತು ನೂರಕ್ಕೆ ನೂರು ಸರಿ. ಕಾಲುವೆ ಇರುವ ತಬಕವನ್ನು ನಾನು ಕೊಳ್ಳುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದು ನನ್ನ ಕಪಾಟಿಗಿಂತ ನಮ್ಮ ಸಮಾಜದ ಅಡಿಗೆ ಮನೆಗಳಿಗೆ ಹೆಚ್ಚು ಸಂಬಂಧಪಟ್ಟದ್ದು. ಅಂಗಡಿಗೆ ಬರುವ ಗಿರಾಕಿಗಳು, ನಮ್ಮವರೂ ಸೇರಿ, "ಬೋನ್ ಚೈನಾ ಸೆಟ್ ಅದ ಏನ್ರೀ?" ಎಂದು ಕೇಳುತ್ತಾರೆ. ಅದು ಚೀನಾ ದೇಶದ ಯಾವುದೋ ಕಂಪನಿ ಎಂದು ತಿಳಿದವರು ಹಲವರು. ಬೋನ್ ಎಂದರೆ ಎಲುಬು. 1790ರ ದಶಕದಲ್ಲಿ ಸ್ಪೋಡ್ ಕಾರಖಾನೆಯಲ್ಲಿ ಹದಕ್ಕೆ ಬಂದ ಈ ಪಿಂಗಾಣಿಯಲ್ಲಿ ದನದ ಎಲುಬನ್ನು ಸುಟ್ಟು ಮಾಡಿದ ಬೂದಿ ಸುಮಾರು ಅರ್ಧ ಪಾಲು, ಚೀನಿ ಮಣ್ಣು ಕಾಲು ಪಾಲು, ಕಾರ್ನ್‌ವಾಲ್ ಕಲ್ಲು ಕಾಲು ಪಾಲು. ಆ ಹಾಲು ಬಿಳುಪು, ತೆಳುವು, ಗಟ್ಟಿತನ ಎಲ್ಲ ಎಲುಬಿನ ಬೂದಿಯ ಗುಣ. ಇಂದಿಗೂ ಬೋನ್ ಚೈನಾ ಎಂದು ಮುದ್ರೆ ಇರುವ ಕಪ್ಪು ಬಶಿಯ ಮೂಲ ಅದೇ. ದೀಪದ ಎದುರು ಹಿಡಿದು ಹಿಂದೆ ಕೈ ಆಡಿಸಿದರೆ ಬೆರಳಿನ ನೆರಳು ಕಾಣುತ್ತದೆ. ಆದರೆ ಎಲುಬಿಲ್ಲದ ಅಸಲಿ ಪೋರ್ಸಲೇನಿನಲ್ಲಿಯೂ ಹಾಗೆ ಕಾಣುವುದರಿಂದ ಮುದ್ರೆಯನ್ನು ಓದುವುದೇ ಸರಿಯಾದ ದಾರಿ. ಅರ್ದನ್‌ವೇರ್ ಎಂಬ ಸಾದಾ ಮಣ್ಣಿನ ಬಿಳಿ ಪಾತ್ರೆ, ಸ್ಟೋನ್‌ವೇರ್, 1813ರಲ್ಲಿ ಚಾರ್ಲ್ಸ್ ಜೇಮ್ಸ್ ಮೇಸನ್ ಪೇಟೆಂಟ್ ಪಡೆದ ಐರನ್‌ಸ್ಟೋನ್ ಇವು ಬೋನ್ ಚೈನಾದ ಜಾತಿಯವಲ್ಲ. ನಮ್ಮ ಅಂಗಡಿಯಲ್ಲಿ ಬೋನ್ ಚೈನಾ ಇಡುವುದಿಲ್ಲ. ಕೇಳಿದವರಿಗೆ ಕಾರಣ ಹೇಳಿ ಗಾಜಿನ ಸೆಟ್ ತೋರಿಸುತ್ತೇವೆ. ಕಾರಣ ಕೇಳಿದ ಮೇಲೆ ಜೈನರಲ್ಲದ ಗಿರಾಕಿಗಳೂ ಎಷ್ಟೋ ಸಲ ಮನಸ್ಸು ಬದಲಿಸಿದ್ದಾರೆ.

ಮೂರನೆಯ ಮಾತು ಕೊಲ್ಲುವ ಚಿತ್ರದ್ದು. ಕುದುರೆಯ ತಬಕ ಹುಡುಕುವವನಿಗೆ ಇದೇ ದೊಡ್ಡ ಅಡ್ಡಿ. ಇಂಗ್ಲಿಷರು ಕುದುರೆಯನ್ನು ಹೆಚ್ಚಾಗಿ ಚಿತ್ರಿಸಿದ್ದು ಬೇಟೆಯಲ್ಲಿ. ನರಿಯ ಹಿಂದೆ ನಾಯಿಗಳ ಹಿಂಡು, ಅದರ ಹಿಂದೆ ಕೆಂಪು ಕೋಟಿನ ಸವಾರರು. ಜಾನ್ ಫ್ರೆಡರಿಕ್ ಹೆರಿಂಗ್ (1795–1865) ಎಂಬ ಪ್ರಸಿದ್ಧ ಕುದುರೆ ಚಿತ್ರಕಾರನ ಬೇಟೆಯ ಚಿತ್ರಗಳು ಸ್ಪೋಡ್ ತಾಟುಗಳ ಮೇಲೆ ಬಂದಿವೆ. ಈತ ಮೊದಲು ನಾಲ್ಕು ಕುದುರೆಯ ಗಾಡಿ ಹೊಡೆಯುವ ಸಾರಥಿಯಾಗಿದ್ದವನು. ಕುದುರೆಯ ಕಾಲಿನ ನರ, ಕಿವಿಯ ಭಾವ ಆತನಿಗೆ ಗೊತ್ತಿದ್ದಷ್ಟು ಕೆಲವರಿಗೇ ಗೊತ್ತಿತ್ತು. ಆದರೂ ಬೇಟೆಯ ಚಿತ್ರ ಬೇಟೆಯದೇ.

ನಮ್ಮ ದೇಶಕ್ಕೆ ನೇರ ಸಂಬಂಧಪಟ್ಟ ಒಂದು ಮಾಲಿಕೆಯೂ ಇದೆ. ಬಂಗಾಳದಲ್ಲಿ ಕಂಪನಿಯ ಸೈನ್ಯದಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ ಇಲ್ಲಿನ ಬೇಟೆಗಳ ಬಗ್ಗೆ ಒಂದು ಪುಸ್ತಕ ಮಾಡಿದ. ಸ್ಯಾಮ್ಯುಯಲ್ ಹೋವಿಟ್ ಅದಕ್ಕೆ ಚಿತ್ರ ರಚಿಸಿದ. ಲಂಡನ್ನಿನ ಎಡ್ವರ್ಡ್ ಆರ್ಮ್ 1805ರಿಂದ 1807ರವರೆಗೆ ಅದನ್ನು ಭಾಗ ಭಾಗವಾಗಿ ಪ್ರಕಟಿಸಿದ. ಹೆಸರು 'ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್'. ಸುಮಾರು 1815ರ ಹೊತ್ತಿಗೆ ಸ್ಪೋಡ್ ಕಾರಖಾನೆ ಆ ಚಿತ್ರಗಳನ್ನು ನೀಲಿ ತಾಟುಗಳ ಮೇಲೆ ಇಳಿಸಿತು. ಆನೆ, ಹುಲಿ, ಕರಡಿ, ಈಟಿ ಹಿಡಿದ ಸವಾರರು, ನಮ್ಮ ದೇಶದ ಮರಗಳು. ಇಂಡಿಯನ್ ಸ್ಪೋರ್ಟಿಂಗ್ ಮಾಲಿಕೆ ಎಂದು ಸಂಗ್ರಾಹಕರು ಇದನ್ನು ಬಹಳ ಮೆಚ್ಚುತ್ತಾರೆ.

1996ರಲ್ಲಿ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ನನಗೆ ಪರಿಚಯದ ವ್ಯಾಪಾರಿಯೊಬ್ಬರು ಆ ಮಾಲಿಕೆಯ ಒಂದು ತಬಕ ತೋರಿಸಿದರು. ಕುದುರೆಗಳು ಜೀವ ಬಂದ ಹಾಗಿದ್ದವು. ಈಟಿಗಳು ಕೆಳಗೆ ಇಳಿದಿದ್ದವು. ಬಿರುಕಿಲ್ಲ, ಚಕ್ಕೆ ಹಾರಿಲ್ಲ. ನನ್ನ ಸ್ವಂತ ಉಳಿತಾಯದಲ್ಲಿ ಎಟಕುವ ಬೆಲೆಯನ್ನೇ ಹೇಳಿದರು. ಜತೆಗಿದ್ದ ನನ್ನ ಹಿರಿಯ ಮಗ, "ಅಪ್ಪಾ, ಆ ಪ್ರಾಣಿ ಸತ್ತು ಇನ್ನೂರು ವರ್ಷ ಆತು. ಚಿತ್ರ ಇಟ್ಟಕೊಂಡರ ಪಾಪ ಹ್ಯಾಂಗ ಬರತದ? ನಾವು ಕೊಂಡರೂ ಬಿಟ್ಟರೂ ಯಾವ ಜೀವಕ್ಕೂ ಏನೂ ಆಗೂದಿಲ್ಲ. ಬ್ಯಾಡ ಅಂದರ ನಾಳೆ ಮಾರಿದರಾಯಿತು, ನಾಲ್ಕು ಪಟ್ಟು ಬರತದ" ಎಂದ. ವ್ಯಾಪಾರಿಯ ಮಗನ ಮಾತು, ತೂಕವಾಗಿಯೇ ಇತ್ತು. ನಾನು ಒಂದು ತಾಸು ಅಂಗಡಿಯ ಕಟ್ಟೆಯ ಮೇಲೆ ಕೂತೆ. ತಾನು ಮಾಡುವುದು, ಮತ್ತೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪಿ ಸಂತೋಷಪಡುವುದು ಈ ಮೂರನ್ನೂ ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಆ ತಬಕವನ್ನು ನಾನು ಕಪಾಟಿನಲ್ಲಿಟ್ಟು ಏನು ಮಾಡುತ್ತೇನೆ? ದಿನಾ ನೋಡಿ ಸಂತೋಷಪಡುತ್ತೇನೆ. ಮೂರನೆಯದು ಅದೇ ಅಲ್ಲವೇ? ಬೇಡವೆಂದು ಎದ್ದು ಬಂದೆ. ಮಗ ಕಲ್ಯಾಣದವರೆಗೆ ಮಾತಾಡಲಿಲ್ಲ. ಅದೇ ಮಾಲಿಕೆಯಲ್ಲಿ ಸಾಯಿಸನೊಬ್ಬ ಕುದುರೆಯನ್ನು ಹೊರಗೆ ಕರೆತರುವ ಚಿತ್ರದ ಸಣ್ಣ ತಟ್ಟೆಯೂ ಇದೆ. ಅಲ್ಲಿ ಈಟಿಯೂ ಇಲ್ಲ, ರಕ್ತವೂ ಇಲ್ಲ. ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ. ಎಲ್ಲಿಯಾದರೂ ಎದುರಾದರೆ ಬಿಡುವುದಿಲ್ಲ.

ಹೀಗೆ ಬೇಟೆ ಬಿಟ್ಟರೆ ಉಳಿಯುವುದು ಗಾಡಿಯ ಚಿತ್ರ. ನನ್ನ ಕಪಾಟಿನಲ್ಲಿ ಹೆಚ್ಚಿನವು ಅವೇ. ಜಾನ್ಸನ್ ಬ್ರದರ್ಸ್ ಎಂಬ ಕಂಪನಿ 1960ರ ದಶಕದಲ್ಲಿ 'ಕೋಚಿಂಗ್ ಸೀನ್ಸ್' ಎಂಬ ಮಾಲಿಕೆಯನ್ನು ಹೊರತಂದಿತು. ಐರನ್‌ಸ್ಟೋನಿನದು, ನೀಲಿಯಲ್ಲಿಯೂ ಇತರ ಬಣ್ಣಗಳಲ್ಲಿಯೂ ಸಿಗುತ್ತದೆ. ಬಹಳ ವರ್ಷ ಬಹಳ ಸಂಖ್ಯೆಯಲ್ಲಿ ತಯಾರಾದ್ದರಿಂದ ಬೆಲೆ ಕಡಿಮೆ, ಹೊಸಬರು ಇದರಿಂದ ಆರಂಭಿಸಬಹುದು. ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಒಂದನ್ನು ಸ್ವೆಟರಿನಲ್ಲಿ ಸುತ್ತಿ ತಂದುಕೊಟ್ಟ. ಆ ಗಾಡಿಗಳ ಕಥೆ ನಮ್ಮ ಟಾಂಗಾದ ಕಥೆಯೇ. 1784ರ ಆಗಸ್ಟ್ 2ರಂದು ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಗಾಡಿ ಹೊರಟಿತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಬಂತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ದೊಡ್ಡ ರಸ್ತೆಗಳ ಮೇಲೆ ಗಾಡಿಗಳು ಬಹುಮಟ್ಟಿಗೆ ಇಲ್ಲವಾದವು. ಗಾಡಿ ಓಡುತ್ತಿದ್ದ ಕಾಲಕ್ಕಿಂತ ಅದು ನಿಂತುಹೋದ ಮೇಲೆಯೇ ತಾಟುಗಳ ಮೇಲೆ ಹೆಚ್ಚು ಓಡಿತು.

ಅಮೆರಿಕದಲ್ಲಿಯೂ ಇದೇ ಆಯಿತು. ಅಲ್ಲಿ ಕ್ಯಾಲಿಫೋರ್ನಿಯಾದ ವಾಲೇಸ್ ಚೈನಾ ಎಂಬ ಕಾರಖಾನೆ ಹೋಟೆಲುಗಳಿಗೆ ದಪ್ಪ ತಾಟು ಮಾಡುತ್ತಿತ್ತು. 1943ರಲ್ಲಿ ಟಿಲ್ ಗುಡನ್ ಎಂಬ ಚಿತ್ರಕಾರ ಅದಕ್ಕಾಗಿ ದನಗಾಹಿ ಸವಾರರ ಚಿತ್ರಗಳನ್ನು ರಚಿಸಿದ. ಕಾರಖಾನೆ 1964ರಲ್ಲಿ ಮುಚ್ಚಿತು. ಈಗ ಆ ತಾಟುಗಳಿಗೆ ಅಲ್ಲಿ ಒಳ್ಳೆಯ 'ಡಿಮಾಂಡ್' ಇದೆ.

ಗಾಡಿಯ ಚಿತ್ರದಲ್ಲಿ ಹಿಂಸೆ ಇಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗಳು, ಆಗ ಆರನೆಯ ಇಯತ್ತೆಯಲ್ಲಿದ್ದಳು, ಪಾಠಶಾಲೆಯಿಂದ ಬಂದವಳೇ ಮಾಳಿಗೆ ಹತ್ತಿದಳು. ಅಂದು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿಕೊಟ್ಟಿದ್ದರಂತೆ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಕಪಾಟಿನ ಮುಂದೆ ನಿಂತು, "ಅಜ್ಜಾ, ಇವನ ಕೈಯಾಗ ಚಾಟಿ ಅದ. ಗಾಡಿ ಮ್ಯಾಲ ಎಷ್ಟು ಮಂದಿ ಕೂತಾರ ಎಣಿಸು. ಇದು ಅತಿಭಾರಾರೋಪಣ ಅಲ್ಲೇನು?" ಎಂದು ಕೇಳಿದಳು.

ಎಣಿಸಿದೆವು. ಗಾಡಿಯ ಮೇಲೆ ಹತ್ತು ಜನ, ಒಳಗೆ ಎಷ್ಟೋ, ಜತೆಗೆ ಪೆಟ್ಟಿಗೆಗಳು. ವೇಗದ ಗಾಡಿಗಳಿಗೆ ಕಟ್ಟಿದ ಕುದುರೆಗಳು ಕೆಲವೇ ವರ್ಷಗಳಲ್ಲಿ ಸವೆದುಹೋಗುತ್ತಿದ್ದವು ಎಂದು ನಾನು ಓದಿದ್ದೇನೆ. ಅದನ್ನು ಮಗುವಿನಿಂದ ಮುಚ್ಚಿಡಲಿಲ್ಲ. ನಮ್ಮ ಹಿತ್ತಾಳೆ ಬುಟ್ಟಿಗಳನ್ನು ಸ್ಟೇಷನ್ನಿನಿಂದ ಎಳೆದು ತಂದ ಆ ಟಾಂಗಾದ ಕುದುರೆಯನ್ನೂ ಹೇಳಿದೆ. ಹಾಗಾದರೆ ಇವನ್ನೆಲ್ಲ ತೆಗೆದುಬಿಡೋಣವೇ ಎಂದು ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, "ಬ್ಯಾಡ. ಆದರ ಕುದುರಿ ಬಗ್ಗೆ ಬರೆದು ಇಡೋಣು" ಎಂದಳು. ಈಗ ಪ್ರತಿ ತಬಕದ ಹಿಂದೆ ಅವಳ ಅಕ್ಷರದ ಒಂದು ಚೀಟಿ ಇದೆ. ಕಾರಖಾನೆ, ಕಾಲ, ಕೊಂಡ ವರ್ಷ, ಬೆಲೆ. ಅದರ ಕೆಳಗೆ ಕುದುರೆಗಳೆಷ್ಟು, ಅವು ಏನನ್ನು ಎಳೆಯುತ್ತಿವೆ, ಎಷ್ಟು ಜನರನ್ನು. ಅವಳ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಂದಿಗೂ ಇಲ್ಲ. ಆದರೆ ಮೊದಲು ಚಿತ್ರದಲ್ಲಿ ಗಾಡಿ ಕಾಣುತ್ತಿತ್ತು, ಈಗ ಕುದುರೆ ಕಾಣುತ್ತದೆ.

ಅವಳಿಗೆ ಎಲ್ಲಕ್ಕಿಂತ ಮೆಚ್ಚುಗೆಯದು ನನ್ನಲ್ಲಿರುವ ಅತಿ ಅಗ್ಗದ ತಾಟು. ಪುಣೆಯ ಜುನಾ ಬಜಾರಿನಲ್ಲಿ ಕೊಂಡ, ಇತ್ತೀಚಿನ ಚೀನಾ ಪೋರ್ಸಲೇನ್. ಅದರ ಮೇಲೆ ಎಂಟು ಕುದುರೆಗಳಿವೆ. ಚೀನಾದ ಪುರಾತನ ಝೌ ವಂಶದ ಮು ಎಂಬ ದೊರೆಯ ಎಂಟು ಕುದುರೆಗಳು ಎಂದು ಅಲ್ಲಿ ಕಥೆ. ನೂರಾರು ವರ್ಷಗಳಿಂದ ಅಲ್ಲಿನ ಕುಂಬಾರರು ಈ ಚಿತ್ರವನ್ನು ಬರೆಯುತ್ತ ಬಂದಿದ್ದಾರೆ. ಒಂದು ಮೇಯುತ್ತಿದೆ, ಒಂದು ಓಡುತ್ತಿದೆ, ಒಂದು ಬೆನ್ನ ಮೇಲೆ ಹೊರಳುತ್ತಿದೆ. ಜೀನಿಲ್ಲ, ಲಗಾಮಿಲ್ಲ. ಆ ಚೀಟಿಯಲ್ಲಿ ಅವಳು "ಕೆಲಸ: ಏನೂ ಇಲ್ಲ" ಎಂದು ಬರೆದಿದ್ದಾಳೆ.

ಕೊನೆಯದಾಗಿ 21 ಎಂಬ ಸಂಖ್ಯೆಯ ಮಾತು. 2005ರ ಚಾತುರ್ಮಾಸದಲ್ಲಿ ನಾನೂ ನಮ್ಮ ಮನೆಯವರೂ ಪರಿಗ್ರಹ ಪರಿಮಾಣದ ನಿಯಮ ತೆಗೆದುಕೊಂಡೆವು. ಹೊಲ, ಮನೆ, ಬಂಗಾರ, ವಾಹನ ಎಲ್ಲಕ್ಕೂ ಮಿತಿ ಬರೆದೆವು. ಹೊರಗಿನ ಹತ್ತು ಬಗೆಯ ಪರಿಗ್ರಹಗಳಲ್ಲಿ ಭಾಂಡವೂ ಒಂದು, ಚತುಷ್ಪದವೂ ಒಂದು. ನನ್ನ ಹವ್ಯಾಸದಲ್ಲಿ ಎರಡೂ ಕೂಡಿಯೇ ಇವೆ! ಅಂಗಡಿಯ ಮಾಲಿನ ಲೆಕ್ಕ ಬೇರೆ. ಆಸೆಯಿಂದ ಕೂಡಿಸಿಟ್ಟ ಭಾಂಡೆಯ ಲೆಕ್ಕ ಬೇರೆ. ಆಗ ನನ್ನಲ್ಲಿ 34 ತಬಕಗಳಿದ್ದವು. 21 ಎಂದು ಬರೆದೆ. ಉಳಿದ 13ನ್ನು ಮಾರಲಿಲ್ಲ. ಪ್ರೀತಿಯಿಂದ ನೋಡುವವರಿಗೆ ಒಂದೊಂದಾಗಿ ಕೊಟ್ಟೆ. ಅಂದಿನಿಂದ ಹೊಸದೊಂದು ಬರಬೇಕಾದರೆ ಇದ್ದದ್ದೊಂದು ಹೋಗಬೇಕು. ಈ ನಿಯಮದಿಂದ ಹವ್ಯಾಸ ಕುಂದಲಿಲ್ಲ. ಸಂತೆಯಲ್ಲಿ ಒಂದು ತಬಕ ಕಂಡರೆ ಈಗ ಬೆಲೆ ಕೇಳುವ ಮೊದಲು, ಮನೆಯಲ್ಲಿರುವ ಯಾವುದನ್ನು ಇದಕ್ಕಾಗಿ ಬಿಡಬಲ್ಲೆ ಎಂದು ಯೋಚಿಸುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಬರಿಗೈಯಿಂದ, ಆದರೆ ಸಮಾಧಾನದಿಂದ ಮರಳುತ್ತೇನೆ. ನಾನು ಹೋದ ಮೇಲೆ ಯಾರಿಗೆ ಎಂಬುದೂ ಇತ್ಯರ್ಥವಾಗಿದೆ. ಮಕ್ಕಳಿಬ್ಬರಿಗೂ ಬೇಡ. ಎಂಟು ಕುದುರೆಯ ತಾಟು ಮೊದಲ್ಗೊಂಡು ತನಗೆ ಬೇಕಾದ ಐದನ್ನು ಮೊಮ್ಮಗಳು ಆರಿಸಿಕೊಂಡಿದ್ದಾಳೆ. ಅವಳ ಮಿತಿ ಐದೇ ಅಂತೆ. ಮಿಕ್ಕವನ್ನು ಕೊಡಬೇಕಾದವರ ಹೆಸರುಗಳನ್ನು ಚೀಟಿಗಳ ಮೇಲೆ ಬರೆಯುತ್ತಿದ್ದೇನೆ.

ಮನೆಯಲ್ಲಿ ಹಿರಿಯರ ಕಾಲದ ಇಂಥ ತಬಕ, ತಾಟು, ಬಶಿ ಇರುವವರಿಗೆ ನಾಲ್ಕು ಸೂಚನೆ ಹೇಳಿ ಮುಗಿಸುತ್ತೇನೆ. ಹಳೆಯ ಹೊಳಪಿನಲ್ಲಿ ಸೀಸ ಇರುವುದುಂಟು, ಬಲೆಯಂತೆ ಸೀಳು ಬಿಟ್ಟಿದ್ದರೆ ಅದು ಆಹಾರಕ್ಕೆ ಇಳಿಯಬಹುದು. ಆದ್ದರಿಂದ ಅವು ನೋಡುವುದಕ್ಕೆ ಮಾತ್ರ, ಉಣ್ಣುವುದಕ್ಕಲ್ಲ. ಬೂದಿ, ಹುಣಸೆಹಣ್ಣು, ತಂತಿ ಬ್ರಷ್ ಬೇಡ. ಉಗುರುಬೆಚ್ಚನೆಯ ನೀರು, ಸ್ವಲ್ಪ ಸಾಬೂನು, ಮೆತ್ತಗಿನ ಬಟ್ಟೆ ಸಾಕು. ಒಂದರ ಮೇಲೊಂದು ಇಡುವುದಾದರೆ ನಡುವೆ ಬಟ್ಟೆ ಹಾಕಿರಿ. ಗೋಡೆಗೆ ತೂಗುಹಾಕುವಾಗ ಸ್ಪ್ರಿಂಗಿನ ಬಿಗಿ ತಂತಿ ಅಂಚನ್ನು ಸೀಳುತ್ತದೆ, ಕಟ್ಟಿಗೆಯ ಸ್ಟ್ಯಾಂಡ್ ಉತ್ತಮ. ಭಂಗಾರದವನಿಗೆ ಹಾಕುವ ಮೊದಲು ಒಮ್ಮೆ ಬೋರಲು ಹಾಕಿ ಮುದ್ರೆ ಓದಿರಿ. ಹೊಸ ಸೆಟ್ ಕೊಳ್ಳುವಾಗಲೂ ಹಾಗೆಯೇ ಮಾಡಿರಿ. ಬೆನ್ನ ಮೇಲಿನ ಆ ಎರಡು ಸಣ್ಣ ಶಬ್ದ ಓದಲು ಮ್ಯಾಟ್ರಿಕ್ ಕೂಡ ಬೇಕಾಗಿಲ್ಲ.

ಎಲ್ಲ ವಾಚಕ ಬಂಧುಗಳಿಗೂ ಜಯ ಜಿನೇಂದ್ರ.